ಮೈಸೂರು ಸುತ್ತಲು ಬಾಡಿಗೆ ಸ್ಕೂಟರ್: ಮೂವರಿದ್ದೇವೆ, ತೆಗೆದುಕೊಳ್ಳಬಹುದೇ?

ಪ್ರಶ್ನೆ: ನಾನು ದಾವಣಗೆರೆಯವಳು, ವಯಸ್ಸು 34. ದಿನಾ ಕೆಲಸಕ್ಕೆ ಸ್ಕೂಟಿಯಲ್ಲೇ ಹೋಗಿ ಬರುತ್ತೇನೆ, ಡಿಎಲ್ ಇದೆ. ದಸರಾ ರಜೆಯಲ್ಲಿ ತಂಗಿ ಮತ್ತು ಎಂಟು ವರ್ಷದ ಮಗನನ್ನು ಕರೆದುಕೊಂಡು ಎರಡು ದಿನ ಮೈಸೂರಿಗೆ ಹೋಗುವ ಯೋಚನೆ ಇದೆ. ತಂಗಿಗೆ ಸದ್ಯ ಎಲ್‌ಎಲ್‌ಆರ್ ಮಾತ್ರ ಆಗಿದೆ. ಬಾಡಿಗೆ ಸ್ಕೂಟರ್ ತೆಗೆದುಕೊಂಡರೆ ಅರಮನೆ, ಝೂ, ಚಾಮುಂಡಿ ಬೆಟ್ಟ, ಶ್ರೀರಂಗಪಟ್ಟಣ, ಬೃಂದಾವನ ಎಲ್ಲ ನಮ್ಮ ಪಾಡಿಗೆ ನಾವು ನೋಡಬಹುದು ಅಂದುಕೊಂಡಿದ್ದೇವೆ. ಆದರೆ ಬೈಕ್ ಟ್ಯಾಕ್ಸಿ ನಿಲ್ಲಿಸಿದಾಗಲೇ ಬಾಡಿಗೆ ಬೈಕೂ ಬಂದ್ ಆಯಿತು ಅಂತ ಭಾವ ಹೇಳುತ್ತಾರೆ. ನಾವು ಉಳಿದುಕೊಳ್ಳುವ ಮನೆಯವರು ತಮ್ಮದೇ ಗಾಡಿಯನ್ನು ದಿನಕ್ಕೆ 350 ರೂಪಾಯಿಗೆ ಕೊಡುತ್ತೇವೆ ಅಂದಿದ್ದಾರೆ. ಅಂಗಡಿಯವರು 600 ಕೇಳುತ್ತಾರೆ, ಮೇಲಿಂದ ಒರಿಜಿನಲ್ ಆಧಾರ್ ಇಟ್ಟು ಹೋಗಿ ಅನ್ನುತ್ತಾರೆ. ವಾಪಸ್ ಕೊಡುವಾಗ ಗೀರು ಬಿದ್ದಿದೆ ಅಂತ ಡೆಪಾಸಿಟ್ ಹಿಡಿದುಕೊಳ್ಳುತ್ತಾರಂತೆ. ಮೂವರ ಭಾರ ಹೊತ್ತು ಸ್ಕೂಟರ್ ಬೆಟ್ಟ ಹತ್ತೀತೇ? ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಕಲಸಿಕೊಂಡಿವೆ. ಒಂದು ಗಾಡಿ ಕೊಡುವವರ ಬಗ್ಗೆ, ಇನ್ನೊಂದು ಗಾಡಿಯ ಬಗ್ಗೆ. ಮೂರನೆಯದೊಂದು ಇದೆ, ಅದನ್ನು ನೀವು ಕೇಳಿಲ್ಲ: ಬಿದ್ದರೆ ಆಸ್ಪತ್ರೆಯ ಖರ್ಚು ಯಾರದು? ನನಗೆ ಅದೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅದಕ್ಕೆ ಬರುತ್ತೇನೆ.

ಕೊನೆಯ ಪ್ರಶ್ನೆಯಿಂದ ಶುರು ಮಾಡೋಣ. ಮೂವರು ಒಂದು ಸ್ಕೂಟರ್‌ನಲ್ಲಿ ಹೋಗುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 128ನೇ ಕಲಂ ಪ್ರಕಾರ ಓಡಿಸುವವರ ಹಿಂದೆ ಒಬ್ಬರು ಮಾತ್ರ. 'ಮಗು ತಾನೇ, ಮಧ್ಯದಲ್ಲಿ ಕೂರಿಸಿಕೊಂಡರಾಯಿತು' ಎಂಬ ಮಾತು ಊರೂರಲ್ಲಿ ಇದೆ, ಕಾಯ್ದೆಯಲ್ಲಿ ಇಲ್ಲ. ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಕಡ್ಡಾಯ, ಅಂದರೆ ನಿಮ್ಮ ಮಗ ಎಲ್ಲ ಲೆಕ್ಕಕ್ಕೂ ಪೂರ್ತಿ ಒಬ್ಬ ಸವಾರ. ದಂಡದ ಮಾತು ಬಿಡಿ, ಗಾಡಿಯ ದೃಷ್ಟಿಯಿಂದಲೂ ಇದು ಕೆಟ್ಟದ್ದು. 110 ಸಿಸಿ ಸ್ಕೂಟರ್‌ಗೆ ಮೂವರು ಕೂತರೆ ಹಿಂದಿನ ಶಾಕ್ ಅಬ್ಸಾರ್ಬರ್ ಕೊನೆಯವರೆಗೆ ಕುಸಿಯುತ್ತದೆ, ಮುಂದಿನ ಚಕ್ರ ಹಗುರಾಗುತ್ತದೆ. ಆಗ ಮುಂದಿನ ಬ್ರೇಕಿಗೆ ಹಿಡಿತ ಸಿಗುವುದಿಲ್ಲ, ಹ್ಯಾಂಡಲ್ ಅಲ್ಲಾಡುತ್ತದೆ, ರಾತ್ರಿಯಾದರೆ ಹೆಡ್‌ಲೈಟ್ ರಸ್ತೆ ಬಿಟ್ಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ನಿಮ್ಮ ಊರಿನ ಸಪಾಟು ರಸ್ತೆಯಲ್ಲಿ ಇದು ಗೊತ್ತಾಗದೆ ಹೋಗಬಹುದು, ಬೆಟ್ಟದ ತಿರುವಿನಲ್ಲಿ ಗೊತ್ತಾಗದೆ ಇರುವುದಿಲ್ಲ.

ಇನ್ನು ಭಾವನವರ ಮಾತು. ಅವರು ಎರಡು ಬೇರೆ ವಿಷಯಗಳನ್ನು ಒಂದು ಮಾಡಿದ್ದಾರೆ. ಬೈಕ್ ಟ್ಯಾಕ್ಸಿಯಲ್ಲಿ ಗಾಡಿ ಓಡಿಸುವವರು ಬೇರೆ, ನೀವು ಹಿಂದೆ ಕೂರುವ ಗಿರಾಕಿ. ಹೈಕೋರ್ಟ್ ಆದೇಶದಿಂದ 2025ರ ಜೂನ್‌ನಲ್ಲಿ ರಾಜ್ಯದಲ್ಲಿ ನಿಂತದ್ದು ಅದು. ಗಾಡಿ ಬಾಡಿಗೆಗೆ ಪಡೆದು ನೀವೇ ಓಡಿಸುವುದಕ್ಕೆ ಕಾಯ್ದೆಯ 75ನೇ ಕಲಂನಡಿ 1997ರಲ್ಲೇ 'ರೆಂಟ್ ಎ ಮೋಟಾರ್ ಸೈಕಲ್' ಎಂಬ ಪ್ರತ್ಯೇಕ ಯೋಜನೆ ಬಂದಿದೆ. ಸಾರಿಗೆ ಇಲಾಖೆಯ ಪರವಾನಗಿ ಇರುವ ಅಂಗಡಿಯಿಂದ, ಬಾಡಿಗೆಗೆಂದೇ ನೋಂದಣಿಯಾದ ಗಾಡಿಯನ್ನು, ಡಿಎಲ್ ಇರುವವರು ಪಡೆದು ಓಡಿಸುವುದಕ್ಕೆ ಅಡ್ಡಿಯಿಲ್ಲ.

ಅಂಥ ಗಾಡಿಯನ್ನು ಗುರುತಿಸುವುದು ಸುಲಭ: ಕಪ್ಪು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರ. ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ ಇದ್ದರೆ ಅದು ಟ್ಯಾಕ್ಸಿ, ಆಟೊ, ಲಾರಿಗಳದು. ಬಿಳಿ ಪ್ಲೇಟು ಸ್ವಂತ ಬಳಕೆಯದು. ಎಲೆಕ್ಟ್ರಿಕ್ ಗಾಡಿಯಾದರೆ ಪ್ಲೇಟ್ ಹಸಿರು. ಸ್ವಂತದ್ದಕ್ಕೆ ಬಿಳಿ ಅಕ್ಷರ, ವಾಣಿಜ್ಯ ಬಳಕೆಯದಕ್ಕೆ ಹಳದಿ ಅಕ್ಷರ. ಪ್ಲೇಟು ನೋಡಿಯೂ ಅನುಮಾನ ಉಳಿದರೆ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ. ವಾಹನದ ವರ್ಗ ಎಂಬಲ್ಲಿ 'ಯೂಸ್ಡ್ ಫಾರ್ ಹೈರ್' ಎಂದು ಬರಬೇಕು. ಅದೇ ಪುಟದಲ್ಲಿ ಇನ್ಶೂರೆನ್ಸ್, ಫಿಟ್‌ನೆಸ್, ಹೊಗೆ ತಪಾಸಣೆ ಎಲ್ಲಿಯವರೆಗೆ ಚಾಲ್ತಿಯಲ್ಲಿವೆ ಎಂಬುದೂ ಕಾಣುತ್ತದೆ. ಇದಕ್ಕೆ ಎರಡು ನಿಮಿಷ ಸಾಕು, ಅಂಗಡಿಯವರನ್ನು ಕೇಳುವ ಅಗತ್ಯವೂ ಇಲ್ಲ.

ತಂಗಿಯ ವಿಷಯದಲ್ಲಿ ಇನ್ನೊಂದು ಬಲೆ ಇದೆ. 'ಎಲೆಕ್ಟ್ರಿಕ್ ತಗೊಳ್ಳಿ, ಅದಕ್ಕೆ ಡಿಎಲ್ ಬೇಡ' ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಡಿಎಲ್ ಬೇಡದ್ದು ಗಂಟೆಗೆ 25 ಕಿ.ಮೀ. ಮೀರದ, 250 ವ್ಯಾಟ್ ಒಳಗಿನ ಮೋಟಾರಿನ ಪುಟ್ಟ ಗಾಡಿಗಳಿಗೆ ಮಾತ್ರ. ಅವಕ್ಕೆ ನೋಂದಣಿಯೂ ಇರುವುದಿಲ್ಲ, ಬೆಟ್ಟದ ಏರಿಗೆ ಅವು ಆಗಿ ಬರುವುದೂ ಇಲ್ಲ. ಹಸಿರು ಪ್ಲೇಟ್ ಇರುವ ಯಾವುದೇ ಎಲೆಕ್ಟ್ರಿಕ್ ಸ್ಕೂಟರ್‌ಗೆ ಪೆಟ್ರೋಲ್ ಗಾಡಿಯಷ್ಟೇ ಡಿಎಲ್ ಬೇಕು. ಎಲ್‌ಎಲ್‌ಆರ್ ಕಲಿಯುವುದಕ್ಕೆ ಕೊಟ್ಟ ಅನುಮತಿ. ಅದರ ಮೇಲೆ ಬಾಡಿಗೆ ಗಾಡಿ ಕೇಳಬೇಡಿ, ಕೊಟ್ಟರೂ ತೆಗೆದುಕೊಳ್ಳಬೇಡಿ. ಕಲಿಯುವವರು ಹಿಂದೆ ಮಗುವನ್ನು ಕೂರಿಸಿಕೊಂಡು ಹೋಗುವಂತೆಯೂ ಇಲ್ಲ.

350 ರೂಪಾಯಿಯ ಗಾಡಿ ಏಕೆ ದುಬಾರಿ

ಉಳಿದುಕೊಳ್ಳುವ ಮನೆಯವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಎರಡು ಕಾಸು ಆಗಲಿ, ನಿಮಗೂ ಅನುಕೂಲವಾಗಲಿ ಅಂತಲೇ ಕೇಳಿರಬಹುದು. ಆದರೆ ಬಿಳಿ ಪ್ಲೇಟಿನ ಗಾಡಿಯ ಇನ್ಶೂರೆನ್ಸ್ ಪಾಲಿಸಿಯಲ್ಲಿ ಒಂದು ಸಾಲು ಇರುತ್ತದೆ: ಬಾಡಿಗೆಗೆ ಅಥವಾ ಪ್ರತಿಫಲಕ್ಕೆ ಬಳಸಿದರೆ ಈ ಪಾಲಿಸಿ ಅನ್ವಯಿಸುವುದಿಲ್ಲ ಎಂದು. ದುಡ್ಡು ಕೈ ಬದಲಾಯಿಸಿದ ಕ್ಷಣದಿಂದ ಆ ಸಾಲು ಜೀವ ಪಡೆಯುತ್ತದೆ. ಗಾಡಿ ಜಖಂ ಆದರೆ ಕಂಪನಿ ಕ್ಲೇಮ್ ತಳ್ಳಿಹಾಕಬಹುದು. ನೀವು ಯಾರಿಗಾದರೂ ಗುದ್ದಿದರೆ ಕಂಪನಿ ಅವರಿಗೆ ಪರಿಹಾರ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲಿಗೆ ಬರಬಹುದು, ಮಾಲೀಕರು ನಿಮ್ಮ ಕಡೆ ತಿರುಗುತ್ತಾರೆ. ಮುಂಗಡವಾಗಿ 'ಸಂಬಂಧಿಕರ ಗಾಡಿ ಅಂತ ಹೇಳಿ' ಎಂದು ಕಿವಿಮಾತು ಕೊಡುತ್ತಾರಲ್ಲ, ಅದನ್ನು ಕೇಳಿದ ಕೂಡಲೇ ಬೇಡ ಅನ್ನಿ. ಪರ್ಮಿಟ್ ಇಲ್ಲದೆ ಬಾಡಿಗೆಗೆ ಬಿಟ್ಟದ್ದೆಂದು ಗೊತ್ತಾದರೆ ಗಾಡಿಯನ್ನು ಜಪ್ತಿ ಮಾಡುವ ಅಧಿಕಾರ ಇಲಾಖೆಗೆ ಇದೆ. ಆಗ ಮಗುವಿನೊಂದಿಗೆ ರಸ್ತೆಯಲ್ಲಿ ನಿಲ್ಲುವವರು ನೀವು.

ಕಪ್ಪು ಪ್ಲೇಟಿನ ಗಾಡಿಯಾದರೂ ಎಲ್ಲ ಸುರಕ್ಷಿತ ಅಂದುಕೊಳ್ಳಬೇಡಿ. ನಾನು ಮೊದಲೇ ಹೇಳಿದ ಆಸ್ಪತ್ರೆ ಖರ್ಚಿನ ವಿಷಯ ಇದೇ. ಪಾಲಿಸಿಯಲ್ಲಿ ಕಾಣುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ 'ಓನರ್-ಡ್ರೈವರ್'ಗೆ, ಅಂದರೆ ಆರ್‌ಸಿಯಲ್ಲಿ ಹೆಸರಿರುವವರಿಗೆ. ಬಾಡಿಗೆಗೆ ಪಡೆದು ಓಡಿಸುವ ನೀವು ಆ ಓನರ್ ಅಲ್ಲ. ನಿಮ್ಮದೇ ತಪ್ಪಿನಿಂದ ಬಿದ್ದಿರಿ ಎಂದಾದರೆ ನೀವು 'ಮೂರನೇ ವ್ಯಕ್ತಿ'ಯೂ ಅಲ್ಲ, ಆದ್ದರಿಂದ ಥರ್ಡ್ ಪಾರ್ಟಿ ವಿಮೆಯೂ ಕೈಹಿಡಿಯುವುದಿಲ್ಲ. ಹಿಂದೆ ಕೂತವರಿಗೆ ಸಿಗುತ್ತದೆಯೇ ಎಂಬುದು ಪಾಲಿಸಿ ಯಾವ ಬಗೆಯದು ಎಂಬುದರ ಮೇಲೆ ನಿಂತಿದೆ. ಪ್ಯಾಕೇಜ್ ಪಾಲಿಸಿ, ಅಂದರೆ ಥರ್ಡ್ ಪಾರ್ಟಿಯ ಜೊತೆ ಗಾಡಿಯ ಜಖಂಗೂ ಸೇರಿಸಿ ಮಾಡಿಸಿದ್ದಾದರೆ, ಹಿಂಬದಿ ಸವಾರರಿಗೂ ರಕ್ಷಣೆ ಇದೆ. ಬರೀ ಥರ್ಡ್ ಪಾರ್ಟಿಯಾದರೆ ಇಲ್ಲ. ಆದ್ದರಿಂದ ಅಂಗಡಿಯಲ್ಲಿ 'ಇನ್ಶೂರೆನ್ಸ್ ಇದೆಯಾ' ಎಂದು ಕೇಳಬೇಡಿ, ಎಲ್ಲರೂ ಇದೆ ಅಂತಲೇ ಹೇಳುತ್ತಾರೆ. 'ಪ್ಯಾಕೇಜ್ ಪಾಲಿಸಿಯಾ, ಬರೀ ಥರ್ಡ್ ಪಾರ್ಟಿಯಾ, ಪ್ರತಿ ತೋರಿಸಿ' ಎಂದು ಕೇಳಿ. ನಿಮ್ಮ ಸ್ವಂತದ ಆರೋಗ್ಯ ವಿಮೆ ಅಥವಾ ಅಪಘಾತ ವಿಮೆ ಚಾಲ್ತಿಯಲ್ಲಿದೆಯೇ ಎಂದು ಊರು ಬಿಡುವ ಮುಂಚೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಒಂದು ಅಪಘಾತ ವಿಮೆ ಮಾಡಿಸಿಕೊಂಡೇ ಹೊರಡಿ.

ಆಧಾರ್, ಡೆಪಾಸಿಟ್, ಕರಾರು ಪತ್ರ

ಒರಿಜಿನಲ್ ಆಧಾರ್ ಅಡ ಇಡುವುದು ಬೇಡ. ಗುರುತಿಗೆ ಪ್ರತಿ ಸಾಕು. ಅದರಲ್ಲೂ ಮೊದಲ ಎಂಟು ಅಂಕಿ ಮರೆಯಾಗಿರುವ ಮಾಸ್ಕ್ಡ್ ಆಧಾರ್ ಪ್ರತಿ ಕೊಡಿ, ಮೇಲೆ ಅಡ್ಡಲಾಗಿ 'ಸ್ಕೂಟರ್ ಬಾಡಿಗೆಗಾಗಿ ಮಾತ್ರ' ಎಂದು ಬರೆದು ದಿನಾಂಕ ಹಾಕಿ. ಒರಿಜಿನಲ್ ಡಿಎಲ್ ಸಹ ಬಿಡಬೇಡಿ. ಡಿಜಿಲಾಕರ್‌ನ ಡಿಎಲ್ ಅನ್ನು ಪೊಲೀಸರು ಒಪ್ಪುತ್ತಾರೆ ನಿಜ, ಆದರೆ ಕಾರ್ಡ್ ಅಂಗಡಿಯಲ್ಲಿ ಸಿಕ್ಕಿಕೊಂಡಿದ್ದರೆ ವಾಪಸಾತಿಯ ಜಗಳದಲ್ಲಿ ನಿಮ್ಮ ಕೈ ಕಟ್ಟಿದಂತೆ. ಕಾಗದ ಅಡವಿಡುವ ಬದಲು ದುಡ್ಡಿನ ಡೆಪಾಸಿಟ್ ಹೆಚ್ಚು ಕೊಡುತ್ತೇನೆ ಅನ್ನಿ. ಅದನ್ನೂ ನಗದಾಗಿ ಬೇಡ, ಯುಪಿಐನಲ್ಲಿ ಗಾಡಿ ನಂಬರ್ ಬರೆದು ಕಳಿಸಿ.

ಕರಾರು ಪತ್ರದಲ್ಲಿ ನಾಲ್ಕು ಕಡೆ ಕಣ್ಣಾಡಿಸಿ. ದಿನ ಅಂದರೆ 24 ಗಂಟೆಯೋ, ರಾತ್ರಿ ಎಂಟರವರೆಗೋ? ಕಿ.ಮೀ. ಮಿತಿ ಇದೆಯೇ, ಮೀರಿದರೆ ಎಷ್ಟು? ಪಂಕ್ಚರ್ ಯಾರ ಖರ್ಚು? ಜಖಂ ಆದರೆ ಗಿರಾಕಿ ಗರಿಷ್ಠ ಎಷ್ಟು ಕೊಡಬೇಕು? 'ಎಲ್ಲ ನಷ್ಟಕ್ಕೂ ಗಿರಾಕಿಯೇ ಹೊಣೆ' ಎಂದು ಮಿತಿಯಿಲ್ಲದೆ ಬರೆದಿದ್ದರೆ ಬೇರೆ ಅಂಗಡಿ ನೋಡಿ. ಕೆಲವು ಕಡೆ ಗಾಡಿ ಗ್ಯಾರೇಜಿನಲ್ಲಿ ನಿಂತ ದಿನಗಳ ಬಾಡಿಗೆಯನ್ನೂ ನಿಮ್ಮ ಮೇಲೆ ಹಾಕುವ ಸಾಲು ಇರುತ್ತದೆ. ಅದನ್ನು ಹೊಡೆದು ಹಾಕಿಸಿ ಸಹಿ ಮಾಡಿ.

ಗೀರಿನ ಜಗಳ ಏಕೆ ಇಷ್ಟು ಸಾಮಾನ್ಯ ಎಂಬುದಕ್ಕೆ ಕಾರಣ ಇದೆ, ಎಲ್ಲ ಸಲ ಮೋಸವೇ ಅಲ್ಲ. ಸ್ಕೂಟರ್‌ನ ಮೈಯಲ್ಲಿ ಪ್ಲಾಸ್ಟಿಕ್ ಭಾಗಗಳು ಬಹಳ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ 50ರಷ್ಟು ಸವಕಳಿ ಕಳೆದೇ ದುಡ್ಡು ಕೊಡುತ್ತಾರೆ. ಒಮ್ಮೆ ಕ್ಲೇಮ್ ಮಾಡಿದರೆ ಮುಂದಿನ ವರ್ಷದ ನೋ ಕ್ಲೇಮ್ ಬೋನಸ್ಸೂ ಹೋಯಿತು. ಹಾಗಾಗಿ ಒಂದು ಸೈಡ್ ಪ್ಯಾನೆಲ್‌ಗೆ ಅಂಗಡಿಯವರು ಇನ್ಶೂರೆನ್ಸ್ ಬಾಗಿಲಿಗೆ ಹೋಗುವುದೇ ಇಲ್ಲ, ನಿಮ್ಮ ಡೆಪಾಸಿಟ್ಟಿನಿಂದ ಕಳೆಯುವುದು ಅವರಿಗೆ ಸಲೀಸು. ಮೋಸ ಶುರುವಾಗುವುದು ಒಂದೇ ಗೀರಿಗೆ ಹತ್ತು ಗಿರಾಕಿಗಳಿಂದ ದುಡ್ಡು ಪಡೆದಾಗ. ಅದಕ್ಕೆ ಮದ್ದು ಒಂದೇ: ಕೀಲಿ ಕೈಗೆ ಬರುವ ಮುಂಚೆ ನಿಲ್ಲಿಸದೆ ತೆಗೆದ ಒಂದು ವಿಡಿಯೊ. ನಂಬರ್ ಪ್ಲೇಟಿನಿಂದ ಶುರು ಮಾಡಿ ಎಡಕ್ಕೆ ಸುತ್ತಿ, ಕೆಳಕ್ಕೆ ಬಗ್ಗಿ ಸೈಲೆನ್ಸರ್ ಗಾರ್ಡ್ ಮತ್ತು ಫ್ಲೋರ್‌ಬೋರ್ಡಿನ ಅಡಿ, ಬ್ರೇಕ್ ಲಿವರ್‌ಗಳ ತುದಿ, ಕನ್ನಡಿಯ ಹಿಂಬದಿ, ಕೊನೆಗೆ ಮೀಟರ್‌ನಲ್ಲಿ ಕಿ.ಮೀ. ಮತ್ತು ಪೆಟ್ರೋಲ್ ಮುಳ್ಳು. ತೆಗೆದ ತಕ್ಷಣ ಅಂಗಡಿಯವರ ವಾಟ್ಸ್‌ಆ್ಯಪ್‌ಗೆ ಕಳಿಸಿ. ಕಳಿಸಿದ ಸಮಯ ಅದರಲ್ಲೇ ದಾಖಲಾಗುತ್ತದೆ. ಲಿವರ್ ತುದಿ ಸವೆದಿದ್ದರೆ ಆ ಗಾಡಿ ಆ ಪಕ್ಕಕ್ಕೆ ಒಮ್ಮೆಯಾದರೂ ಬಿದ್ದಿದೆ ಎಂದೇ ಲೆಕ್ಕ. ಆ ಪಕ್ಕದ ಪ್ಯಾನೆಲನ್ನು ಹತ್ತಿರದಿಂದ ತೆಗೆಯಿರಿ.

ಹಳೆಯ ದಂಡ ಬಾಕಿ ಇದೆಯೇ ಎಂದೂ ಅಲ್ಲೇ ನೋಡಿ. ಇ-ಚಲನ್ ಪುಟದಲ್ಲಿ ಗಾಡಿಯ ನಂಬರ್ ಹಾಕಿದರೆ ಬಾಕಿ ತೋರಿಸುತ್ತದೆ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕ್ಯಾಮೆರಾ ಹಿಡಿದ ದಂಡ ಮಾಲೀಕರ ಹೆಸರಿಗೆ ದಿನಗಳ ನಂತರ ಬರುತ್ತದೆ. ಹಾಗಾಗಿ ಕೆಲವರು ಡೆಪಾಸಿಟ್ಟನ್ನು ವಾರ ತಡೆದು ಕೊಡುತ್ತಾರೆ. ಅದರಲ್ಲಿ ತಪ್ಪಿಲ್ಲ, ಆದರೆ ದಂಡದ ದಿನಾಂಕ, ಸಮಯ ನಿಮ್ಮ ಬಾಡಿಗೆ ಅವಧಿಯದ್ದೇ ಆಗಿರಬೇಕು.

ಕೀಲಿ ತಿರುಗಿಸುವ ಮುಂಚೆ ಹತ್ತು ನಿಮಿಷ

ನೀವು ದಿನಾ ಓಡಿಸುವವರಾದ್ದರಿಂದ ಇದು ಸುಲಭ. ನಿಮ್ಮ ಗಾಡಿಯಲ್ಲಿ ಇಲ್ಲದ ವ್ಯತ್ಯಾಸವೇನಾದರೂ ಕೈಗೆ ಬೇಗ ಸಿಗುತ್ತದೆ. ಎರಡೂ ಬ್ರೇಕ್ ಲಿವರ್ ಹಿಡಿದು ನೋಡಿ: ಸುಮಾರು ಒಂದರಿಂದ ಎರಡು ಸೆಂಟಿಮೀಟರ್ ಸಡಿಲ ಇದ್ದು ಆಮೇಲೆ ಗಟ್ಟಿಯಾಗಬೇಕು. ಎಡ ಲಿವರ್ ಗ್ರಿಪ್ಪಿಗೆ ತಾಗುವಷ್ಟು ಒಳಬಂದರೆ ಹಿಂದಿನ ಬ್ರೇಕ್ ಶೂ ಸವೆದಿದೆ ಅಥವಾ ಕೇಬಲ್ ಸಡಿಲಾಗಿದೆ. 'ಟೈಟ್ ಮಾಡಿಕೊಡ್ತೀನಿ' ಎಂದರೆ ಟೈಟ್ ಮಾಡಿದ ಮೇಲೆ ಚಕ್ರ ಎತ್ತಿ ತಿರುಗಿಸಿ, ಉಜ್ಜದೆ ತಿರುಗಬೇಕು. 2019ರ ಏಪ್ರಿಲ್‌ನಿಂದ ಬಂದ 125 ಸಿಸಿವರೆಗಿನ ಗಾಡಿಗಳಲ್ಲಿ ಕಾಂಬಿ ಬ್ರೇಕ್ ಅಥವಾ ಎಬಿಎಸ್ ಇರಲೇಬೇಕು. ಕಾಂಬಿ ಇದ್ದರೆ ಎಡ ಲಿವರ್ ಒತ್ತಿದಾಗ ಮುಂದಿನ ಚಕ್ರಕ್ಕೂ ಸ್ವಲ್ಪ ಬ್ರೇಕ್ ಬೀಳುತ್ತದೆ. ನಿಮ್ಮದು ಹಳೆಯ ಸ್ಕೂಟಿಯಾದರೆ ಈ ಗಾಡಿ ನಿಲ್ಲುವ ರೀತಿಯೇ ಬೇರೆ ಅನ್ನಿಸುತ್ತದೆ. ಖಾಲಿ ರಸ್ತೆಯಲ್ಲಿ ಎರಡು ಸಲ ಹಿಡಿದು ಬಿಟ್ಟು ನೋಡಿಯೇ ಹೊರಡಿ.

ಟೈರಿನ ಗುಂಡಿಗಳ ತಳದಲ್ಲಿ ಅಡ್ಡಡ್ಡ ಪುಟ್ಟ ಉಬ್ಬು ಇರುತ್ತದೆ. ಟೈರಿನ ಮೇಲ್ಮೈ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದಿದ್ದರೆ ಟೈರ್ ಮುಗಿದಿದೆ. ಪಕ್ಕದ ಗೋಡೆಯ ಮೇಲಿನ ನಾಲ್ಕಂಕಿ ಸಂಖ್ಯೆ ಅದು ತಯಾರಾದ ವಾರ ಮತ್ತು ವರ್ಷ: 2319 ಎಂದರೆ 2019ರ 23ನೇ ವಾರ. ಗಾಳಿಯನ್ನು ಮೊದಲ ಪೆಟ್ರೋಲ್ ಬಂಕಿನಲ್ಲೇ ಹಾಕಿಸಿ. ಬಾಡಿಗೆ ಗಾಡಿಗಳಲ್ಲಿ ಎಲ್ಲರೂ ಮರೆಯುವುದು ಇದನ್ನೇ. ಒಬ್ಬರಿಗೂ ಇಬ್ಬರಿಗೂ ಹಿಂದಿನ ಟೈರಿಗೆ ಒಂದೇ ಒತ್ತಡವಲ್ಲ. 110 ಸಿಸಿ ಸ್ಕೂಟರ್‌ಗಳಲ್ಲಿ ಮುಂದೆ 22, ಹಿಂದೆ ಒಬ್ಬರಿಗೆ 29, ಇಬ್ಬರಿಗೆ 36 ಪಿಎಸ್‌ಐ ಆಸುಪಾಸು ಇರುತ್ತದೆ. ಗಾಡಿಯ ಮೇಲಿನ ಸ್ಟಿಕರ್ ಏನು ಹೇಳುತ್ತದೋ ಅದೇ ಅಂತಿಮ.

ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನಿಂದ ಒತ್ತಿ ಮುಂದಿನ ಚಕ್ರ ನೆಲ ಬಿಡುವಂತೆ ಮಾಡಿ, ಹ್ಯಾಂಡಲನ್ನು ಮೆಲ್ಲಗೆ ಎಡಬಲ ತಿರುಗಿಸಿ. ನಡುವಿನಲ್ಲಿ ಕಚ್ಚಿದಂತಾದರೆ ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಸವೆದಿದೆ. ಅಂಥ ಗಾಡಿ ನಿಧಾನ ವೇಗದಲ್ಲಿ ನೇರ ಹೋಗುವುದಿಲ್ಲ, ಸಣ್ಣ ಸಣ್ಣ ಓಲಾಟ ಕೊಡುತ್ತದೆ. ಅದು ಬೇಡ. ಎರಡೂ ಲಿವರ್‌ಗೆ ಬ್ರೇಕ್ ಲೈಟ್ ಹೊತ್ತುತ್ತದೆಯೇ, ಹಾರ್ನ್, ಇಂಡಿಕೇಟರ್ ಸರಿ ಇವೆಯೇ ಎಂದೂ ನೋಡಿ. ಡಿಕ್ಕಿಯಲ್ಲಿ ಕೀಲಿ ಇಟ್ಟು ಮುಚ್ಚಿಬಿಡುವುದು ಬಾಡಿಗೆ ಗಾಡಿಯವರು ದಿನಾ ಕೇಳುವ ದೂರು. ಎರಡನೇ ಕೀಲಿ ಅಂಗಡಿಯಲ್ಲಿ ಇದೆಯೇ, ತಂದು ಕೊಡಲು ಎಷ್ಟು ಕೇಳುತ್ತಾರೆ ಎಂದು ಮೊದಲೇ ತಿಳಿದಿರಿ.

ಹೆಲ್ಮೆಟ್ ಅಂಗಡಿಯವರು ಕೊಡುತ್ತಾರೆ, ಆದರೆ ಹೆಚ್ಚಿನವು ಸಡಿಲಾದ ಅರ್ಧ ಟೋಪಿಗಳು. ಐಎಸ್‌ಐ ಗುರುತಿನ ಜೊತೆ ಐಎಸ್ 4151 ಎಂಬ ಸಂಖ್ಯೆ ಇರಬೇಕು. ಪಟ್ಟಿ ಹಾಕಿ ಹಿಂದಿನಿಂದ ಮುಂದಕ್ಕೆ ತಳ್ಳಿದರೆ ಕಳಚಿ ಬರಬಾರದು. ಮಗನ ಅಳತೆಯದು ಬಾಡಿಗೆಗೆ ಸಿಗುವುದು ಕಷ್ಟ, ಊರಿನಿಂದಲೇ ತನ್ನಿ. ದೊಡ್ಡವರ ಹೆಲ್ಮೆಟ್ ಮಗುವಿಗೆ ಹಾಕಿದರೆ ಬಿದ್ದಾಗ ತಲೆಗಿಂತ ಮೊದಲು ಅದು ಹಾರಿಹೋಗುತ್ತದೆ.

ಬೆಟ್ಟ: ಹತ್ತುವುದಲ್ಲ, ಇಳಿಯುವುದು

ಇಬ್ಬರಾದರೆ ಯಾವುದೇ ಆರೋಗ್ಯವಾಗಿರುವ ಸ್ಕೂಟರ್ ಚಾಮುಂಡಿ ಬೆಟ್ಟ ಹತ್ತುತ್ತದೆ, ನಿಧಾನವಾಗಿ ಅಷ್ಟೇ. ನಿಜವಾದ ಪ್ರಶ್ನೆ ಬರುವುದು ವಾಪಸ್ ಬರುವಾಗ. ಊರಿನ ಮಟ್ಟಕ್ಕಿಂತ ಬೆಟ್ಟ ಸುಮಾರು 300 ಮೀಟರ್ ಎತ್ತರ. ಆ ಇಳಿಜಾರಿನ ಉದ್ದಕ್ಕೂ ಬ್ರೇಕನ್ನು ಅರ್ಧಂಬರ್ಧ ಹಿಡಿದೇ ಇದ್ದರೆ ಡ್ರಮ್ ಕಾಯುತ್ತದೆ, ಲೈನಿಂಗ್ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಲಿವರ್ ಎಷ್ಟು ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಗೇರ್ ಬೈಕಿನಂತೆ ಸ್ಕೂಟರ್‌ನಲ್ಲಿ ಎರಡನೇ ಗೇರಿಗೆ ಇಳಿಸುವ ದಾರಿ ಇಲ್ಲ. ಹಾಗಂತ ಎಂಜಿನ್ ಹಿಡಿತವೇ ಇಲ್ಲ ಎಂದಲ್ಲ. ಸ್ಕೂಟರ್‌ನ ಕ್ಲಚ್ ವೇಗಕ್ಕೆ ತಕ್ಕಂತೆ ತಾನೇ ಹಿಡಿದು ತಾನೇ ಬಿಡುತ್ತದೆ. ಆ್ಯಕ್ಸಿಲರೇಟರ್ ಬಿಟ್ಟಾಗ ಒಂದು ಮಟ್ಟದ ವೇಗದವರೆಗೆ ಎಂಜಿನ್ ಗಾಡಿಯನ್ನು ಹಿಂದಕ್ಕೆ ಎಳೆಯುತ್ತಿರುತ್ತದೆ. ವೇಗ ತೀರ ಕಡಿಮೆಯಾದಾಗ ಕ್ಲಚ್ ಬಿಟ್ಟು ಗಾಡಿ ಸುಮ್ಮನೆ ಉರುಳತೊಡಗುತ್ತದೆ. ಆ ಉರುಳುವ ಭಾವ ಕೈಗೆ ಬಂದ ಕೂಡಲೇ ಆ್ಯಕ್ಸಿಲರೇಟರನ್ನು ಒಂದು ಚಿಟಿಕೆ ಕೊಟ್ಟು ಬಿಡಿ, ಕ್ಲಚ್ ಮತ್ತೆ ಹಿಡಿಯುತ್ತದೆ. ಬ್ರೇಕನ್ನು ನೇರ ದಾರಿಯಲ್ಲಿ, ತಿರುವಿಗೆ ಮುಂಚೆ, ಎರಡೂ ಲಿವರ್ ಸೇರಿಸಿ ಗಟ್ಟಿಯಾಗಿ ಹಿಡಿದು ಪೂರ್ತಿ ಬಿಡಿ. ಹಿಡಿದು ಬಿಡುವ ನಡುವಿನ ಹೊತ್ತಿನಲ್ಲಿ ಡ್ರಮ್ ತಣಿಯುತ್ತದೆ.

ಪೆಟ್ರೋಲ್ ಉಳಿಸಲೆಂದು ಎಂಜಿನ್ ಆಫ್ ಮಾಡಿ ಇಳಿಯುವವರಿದ್ದಾರೆ. ಚಮಚೆಯಷ್ಟು ಪೆಟ್ರೋಲ್‌ಗೆ ಹೆಡ್‌ಲೈಟ್, ಹಾರ್ನ್, ಎಂಜಿನ್ ಹಿಡಿತ ಎಲ್ಲ ಒಟ್ಟಿಗೆ ಬಿಟ್ಟುಕೊಡುವ ವ್ಯವಹಾರ ಅದು. ವಾಸನೆ ಬಂದರೆ ಅಥವಾ ಲಿವರ್ ಮೆತ್ತಗಾದರೆ ಅಗಲವಿರುವ ಕಡೆ ನಿಲ್ಲಿಸಿ ಇಪ್ಪತ್ತು ನಿಮಿಷ ಕಾಯಿರಿ. ನೀರು ಮಾತ್ರ ಸುರಿಯಬೇಡಿ. ಕಾದ ಡ್ರಮ್‌ಗೆ ತಣ್ಣೀರು ಬಿದ್ದರೆ ಸೀಳಬಹುದು, ಒದ್ದೆ ಲೈನಿಂಗ್ ಹಿಡಿಯುವುದೂ ಇಲ್ಲ. ಮಳೆ ಇದ್ದರೆ ಸ್ಕೂಟರ್‌ನಲ್ಲಿ ಬೆಟ್ಟವೇ ಬೇಡ. ಚಾಮುಂಡಿ ಬೆಟ್ಟದ ನಂದಿ ವಿಗ್ರಹದ ಕಡೆಯ ರಸ್ತೆ 2021ರ ಮಳೆಗೆ ಕುಸಿದದ್ದು ನಿಮಗೆ ನೆನಪಿರಬಹುದು.

ಇಷ್ಟೆಲ್ಲ ಹೇಳಿದ ಮೇಲೆ, ನಿಮ್ಮ ಮೂವರ ವಿಷಯದಲ್ಲಿ ಬೆಟ್ಟಕ್ಕೆ ಬಸ್ಸೇ ಸರಿ ಎನ್ನುತ್ತೇನೆ. ಸಿಟಿ ಬಸ್ ನಿಲ್ದಾಣದಿಂದ 201 ನಂಬರಿನ ಬಸ್ ಬೆಟ್ಟಕ್ಕೆ ಹೋಗುತ್ತದೆ. ಶಕ್ತಿ ಯೋಜನೆಯಲ್ಲಿ ನಿಮಗೂ ತಂಗಿಗೂ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಮಗನಿಗೆ ಅರ್ಧ ಟಿಕೆಟ್. ದರ್ಶನ ಮುಗಿಸಿ ಮೆಟ್ಟಿಲ ದಾರಿಯಲ್ಲಿ ನಂದಿಯವರೆಗೆ ಇಳಿದರೆ ಮಗುವಿಗೆ ಸ್ಕೂಟರ್‌ಗಿಂತ ಅದೇ ಹೆಚ್ಚು ಖುಷಿ. ಕೈಯಲ್ಲಿ ತಿಂಡಿ ಚೀಲ ತೂಗಾಡಿಸಬೇಡಿ, ಮಂಗಗಳಿವೆ.

ಊರೊಳಗೆ, ಊರಾಚೆ

ಅರಮನೆಯ ಸುತ್ತ ಸ್ಕೂಟರ್ ನೆರವಿಗಿಂತ ಹೊರೆ. ಕೆ.ಆರ್. ವೃತ್ತ, ಚಿಕ್ಕಗಡಿಯಾರ, ದೇವರಾಜ ಮಾರುಕಟ್ಟೆ, ಜಗನ್ಮೋಹನ ಅರಮನೆ ಎಲ್ಲ ನಡೆದು ಮುಗಿಸುವಷ್ಟು ಹತ್ತಿರ. ಗಾಡಿ ಇದ್ದರೆ ನಿಲ್ಲಿಸುವ ಜಾಗ ಹುಡುಕುವುದೇ ಕೆಲಸ. ದಸರಾ ದೀಪಾಲಂಕಾರದ ಸಂಜೆಗಳಲ್ಲಿ ಅಲ್ಲಿನ ರಸ್ತೆಗಳನ್ನು ಪೊಲೀಸರು ಏಕಮುಖ ಮಾಡುತ್ತಾರೆ, ಮ್ಯಾಪ್ ಹೇಳಿದ ದಾರಿ ಆ ಹೊತ್ತಿಗೆ ಮುಚ್ಚಿರುತ್ತದೆ. ಆ ಸಂಜೆಗಳಿಗೆ ಗಾಡಿ ಬೇಡವೇ ಬೇಡ. ಸ್ಕೂಟರ್ ಉಪಯೋಗಕ್ಕೆ ಬರುವುದು ಝೂ, ಕಾರಂಜಿ ಕೆರೆ, ಅಶೋಕ ರಸ್ತೆಯ ಚರ್ಚ್, ರೈಲು ಮ್ಯೂಸಿಯಂ ಹೀಗೆ ಚದುರಿರುವ ಕಡೆಗಳಿಗೆ. ಝೂ ಮತ್ತು ಕಾರಂಜಿಗೆ ಮಂಗಳವಾರ ರಜೆ. ಹಬ್ಬದ ವಾರದಲ್ಲಿ ಬದಲಾಗುವುದುಂಟು, ವಿಚಾರಿಸಿ. ಮೈಸೂರಿನಲ್ಲಿ ವೃತ್ತಗಳು ಹೆಚ್ಚು. ವೃತ್ತದೊಳಗೆ ಆಗಲೇ ಸುತ್ತುತ್ತಿರುವವರಿಗೆ, ಅಂದರೆ ನಿಮ್ಮ ಬಲದಿಂದ ಬರುವವರಿಗೆ, ದಾರಿ ಬಿಟ್ಟು ಒಳಹೊಗಬೇಕು. ಹೊರಗಿನಿಂದ ಬಂದವರು ಎಡವುವುದು ಇಲ್ಲೇ.

ಶ್ರೀರಂಗಪಟ್ಟಣ ಸುಮಾರು 16 ಕಿ.ಮೀ., ರಂಗನತಿಟ್ಟು ಸೇರಿಸಿದರೂ ಹೋಗಿಬರುವುದು 45 ಕಿ.ಮೀ. ಆಸುಪಾಸು, ಒಂದು ಲೀಟರ್ ಚಿಲ್ಲರೆ ಪೆಟ್ರೋಲ್. ಆದರೆ 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಮ್ಯಾಪ್‌ನಲ್ಲಿ ಬೈಕ್ ಗುರುತು ಒತ್ತಿದರೂ ಕೆಲವೊಮ್ಮೆ ಅದು ಮೇಲಿನ ಪಥಕ್ಕೇ ಕರೆದೊಯ್ಯುತ್ತದೆ. ನೀವು ಉದ್ದಕ್ಕೂ ಸರ್ವಿಸ್ ರಸ್ತೆಯಲ್ಲೇ ಇರಿ. ಅಲ್ಲಿ ಎದುರು ದಿಕ್ಕಿನಿಂದ ಬರುವ ಗಾಡಿಗಳು, ಟ್ರ್ಯಾಕ್ಟರ್, ದನ ಎಲ್ಲ ಇರುತ್ತವೆ, 40ರ ಮೇಲೆ ಹೋಗುವ ರಸ್ತೆಯಲ್ಲ. ಪಟ್ಟಣದೊಳಗೆ ರಂಗನಾಥಸ್ವಾಮಿ ದೇವಸ್ಥಾನ, ದರಿಯಾ ದೌಲತ್, ಗುಂಬಜ್, ಸಂಗಮ ಒಂದರಿಂದೊಂದು ದೂರ ಇರುವುದರಿಂದ ಸ್ಕೂಟರ್ ಇದ್ದವರಿಗೆ ಲಾಭ. ಬೃಂದಾವನಕ್ಕೆ ಮಾತ್ರ ಬೇಡ. ಅಲ್ಲಿ ನೋಡಬೇಕಾದ ಕಾರಂಜಿ ಕತ್ತಲಾದ ಮೇಲೆ, ವಾಪಸ್ ಸುಮಾರು 20 ಕಿ.ಮೀ. ರಾತ್ರಿ ಓಡಿಸಬೇಕು, ಮಗು ಹಿಂದೆ ತೂಕಡಿಸುತ್ತದೆ. ತೂಕಡಿಸುವ ಮಗು ಪಕ್ಕಕ್ಕೆ ಜಾರುವುದು ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ.

ನಿಮ್ಮ ಮುಂದೆ ಇರುವ ದಾರಿಗಳು

ಒಂದು, ತಂಗಿಯ ಡಿಎಲ್ ಆಗುವವರೆಗೆ ಪ್ರವಾಸ ಮುಂದೂಡಿ ಎರಡು ಸ್ಕೂಟರ್ ತೆಗೆದುಕೊಳ್ಳುವುದು. ಎಲ್‌ಎಲ್‌ಆರ್ ಆಗಿ 30 ದಿನ ಕಳೆದರೆ ಪರೀಕ್ಷೆಗೆ ಹಾಜರಾಗಬಹುದು. ಆಗಲೂ ಮಗ ನಿಮ್ಮ ಹಿಂದೆ, ತಂಗಿ ಒಬ್ಬರೇ. ಹೊಸದಾಗಿ ಡಿಎಲ್ ಪಡೆದವರಿಗೆ ಪರಸ್ಥಳದ ರಸ್ತೆಯೇ ಸಾಕಷ್ಟು ಪಾಠ. ಖರ್ಚು ದಿನಕ್ಕೆ 1,200, ಪೆಟ್ರೋಲ್ ಬೇರೆ.

ಎರಡು, ಈ ರಜೆಯಲ್ಲೇ ಹೋಗುವುದಾದರೆ ಸ್ಕೂಟರನ್ನು ಪೂರ್ತಿ ಬಿಡುವುದು. ಬೆಟ್ಟಕ್ಕೆ ಬಸ್, ಊರೊಳಗೆ ನಡಿಗೆ ಮತ್ತು ಆಟೊ, ಶ್ರೀರಂಗಪಟ್ಟಣಕ್ಕೆ ಬಸ್ಸಿನಲ್ಲಿ ಹೋಗಿ ಅಲ್ಲಿ ಅರ್ಧ ದಿನಕ್ಕೆ ಆಟೊ ಮಾತಾಡಿಕೊಳ್ಳುವುದು. ಮೂವರಿಗೆ ಲೆಕ್ಕ ಹಾಕಿದರೆ ಎರಡು ದಿನದ ಬಾಡಿಗೆ ಮತ್ತು ಡೆಪಾಸಿಟ್ಟಿನ ಯೋಚನೆಗಿಂತ ಇದು ಹಗುರ. ನನ್ನ ಮತ ಇದಕ್ಕೇ.

ಮೂರು, ಒಂದೇ ಒಂದು ದಿನ ಒಂದು ಸ್ಕೂಟರ್, ಅದರಲ್ಲಿ ಇಬ್ಬರು. ಮೂರನೆಯವರು ಬಸ್ಸಿನಲ್ಲಿ ಬಂದು ಸೇರಿಕೊಳ್ಳುವುದು. ಇದು ಹೇಳುವುದಕ್ಕೆ ಚೆಂದ, ಮಾಡುವುದಕ್ಕೆ ರಗಳೆ. ಕೊನೆಗೆ 'ಇಷ್ಟೇ ದೂರ ತಾನೇ' ಎಂದು ಮೂವರೂ ಹತ್ತುವ ಗಳಿಗೆ ಬಂದೇ ಬರುತ್ತದೆ.

ಸೈಕಲ್ ಕೂಡ ಇದೆ. 2017ರ ಜೂನ್‌ನಲ್ಲಿ 450 ಸೈಕಲ್‌ಗಳೊಂದಿಗೆ ಶುರುವಾದ ಟ್ರಿಣ್ ಟ್ರಿಣ್ ಮೈಸೂರಿನದೇ ಯೋಜನೆ; ಒಂದು ನಿಲ್ದಾಣದಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ ಬಿಡುವ ವ್ಯವಸ್ಥೆ. ಬೆಳಗ್ಗೆ ಏಳಕ್ಕೆ ಮುಂಚಿನ ಖಾಲಿ ರಸ್ತೆಯಲ್ಲಿ ನೀವೂ ತಂಗಿಯೂ ಸುತ್ತಿ ಬರಲು ಒಳ್ಳೆಯದು. ಆದರೆ ದೊಡ್ಡವರ ಸೈಕಲ್ಲು ಮಗನ ಕಾಲಿಗೆ ಎಟುಕುವುದಿಲ್ಲ. ಹಿಂದೆ ಎಲ್ಲಿಯಾದರೂ ಕೂರಿಸೋಣ ಎಂದರೆ ಮಕ್ಕಳ ಹಿಮ್ಮಡಿ ಕಡ್ಡಿಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಚರ್ಮ ಸುಲಿದು ವಾರಗಟ್ಟಲೆ ಮಾಯದ ಗಾಯ ಅದು.

ಯಾವಾಗ ತೆಗೆದುಕೊಂಡರೂ ವಾಪಸ್ ಕೊಡುವಾಗ ಅಂಗಡಿ ಮುಚ್ಚುವ ಹೊತ್ತಿಗೆ ಹೋಗಬೇಡಿ. ಬಸ್ಸಿಗೆ ಹೊತ್ತಾಯಿತೆಂಬ ಅವಸರ ಇರುವ ಗಿರಾಕಿ ಚೌಕಾಸಿ ಮಾಡಲಾರರು ಎಂಬುದು ಅವರಿಗೂ ಗೊತ್ತು. ಒಂದು ಗಂಟೆ ಮೊದಲೇ ಹೋಗಿ, ಪೆಟ್ರೋಲ್ ಮುಳ್ಳು ಪಡೆದಾಗ ಇದ್ದಲ್ಲಿಗೇ ತಂದು, ಅಂಗಡಿಯವರು ಕಾಣುವಂತೆ ಅದೇ ಕ್ರಮದಲ್ಲಿ ಇನ್ನೊಂದು ವಿಡಿಯೊ ತೆಗೆಯಿರಿ. ನಿಜವಾಗಿಯೂ ಹೊಸ ಗೀರು ಬಿದ್ದಿದ್ದರೆ ಒಪ್ಪಿಕೊಂಡು ಬಿಲ್ ಕೇಳಿ, ಭಾಗ ಬದಲಿಸುತ್ತೇವೆ ಎಂದರೆ ಹಳೆಯ ಭಾಗವನ್ನು ಕೊಡಿ ಅನ್ನಿ. ಬದಲಿಸದೆ ದುಡ್ಡು ಹಿಡಿಯುವ ಯೋಚನೆ ಇದ್ದವರು ಅಲ್ಲಿಗೇ ಮೊತ್ತ ಇಳಿಸುತ್ತಾರೆ. ಪೆಟ್ಟಾಗುವಂಥ ಅಪಘಾತ ಆದರೆ ಮಾತ್ರ ಕ್ರಮ ಬೇರೆ: ಮೊದಲು 112, ಆಮೇಲೆ ಫೋಟೊ, ಆಮೇಲೆ ಅಂಗಡಿಗೆ ಕರೆ. 'ಪೊಲೀಸ್ ಬೇಡ, ನಾವೇ ನೋಡ್ಕೋತೀವಿ' ಎಂದು ಅಂಗಡಿಯವರು ಹೇಳಿದರೂ ಯಾರಿಗಾದರೂ ಗಾಯವಾಗಿದ್ದರೆ ಠಾಣೆಗೆ ತಿಳಿಸಲೇಬೇಕು. ಆ ದಾಖಲೆ ಇಲ್ಲದೆ ವಿಮೆಯ ಮಾತು ಮುಂದಕ್ಕೆ ಹೋಗುವುದಿಲ್ಲ.